ಜಯತಿಸ್ಸ ಬಾಸರ ಬಿಳಿ ಅಂಗಿ

ಹೊಸ ಬಣ್ಣ ಹಾಕಿದ ಕಾರಿನ ಸೀಟನ್ನು ದಿನುಕಿ ನೆಕ್ಕಿದರೆ ಗತಿಯೇನು ಎಂಬ ಚಿಂತೆ ವಾರವಿಡೀ ನನ್ನನ್ನು ಬಿಟ್ಟಿರಲಿಲ್ಲ. ಒಂದೂವರೆ ವರ್ಷದ ಮಗಳು. ಬಾಯಿಗೆ ಸಿಕ್ಕಿದ್ದೆಲ್ಲ ಅವಳಿಗೆ ರುಚಿಯೇ. ನಮ್ಮ ಹದಿನೈದು ವರ್ಷದ ಕಾರಿನ ಬಟ್ಟೆಯ ಸೀಟುಗಳು ಕೊಲಂಬೊದ ಬಿಸಿಲಿಗೆ ಒಣಮೀನಿನ ಬಣ್ಣಕ್ಕೆ ತಿರುಗಿದ್ದವು. ಹೊಸ ಕಾರಿನ ಬೆಲೆ ವಿಚಾರಿಸುವ ಧೈರ್ಯ ಸಾಲದೆ, ನುಗೇಗೊಡದ ರೈಲುಹಳಿಯ ಪಕ್ಕ, ಹಲಸಿನ ಮರದಡಿ ಹಳೆ ಸೀಟುಗಳಿಗೆ ಬಣ್ಣ ಹಾಕುವ ಶೆಡ್ಡಿಗೆ ಹೋದೆ. ಅಲ್ಲಿ ಮೊದಲು ಕಂಡದ್ದು ಮನುಷ್ಯನಲ್ಲ, ಅಂಗಿ. ನಲವತ್ತು ವರ್ಷ ಬಣ್ಣದಲ್ಲೇ ಕೈಯಾಡಿಸಿದ, ಕೈಕಸುಬಿನವರನ್ನೆಲ್ಲ ನಾವು ಕರೆಯುವಂತೆ ಊರೇ ಬಾಸ್ ಎಂದು ಕರೆಯುವ ಜಯತಿಸ್ಸರ ಅಚ್ಚ ಬಿಳಿಯ ಅಂಗಿ. ಉಗುರುಗಳೆಲ್ಲ ನೀಲಿ, ಕಂದು; ಅಂಗಿಯ ಮೇಲೆ ಒಂದು ಚುಕ್ಕೆಯಿಲ್ಲ.

ಕಾರುಗಳ ಸಂದಿನಲ್ಲಿ ಅವರು ಏಡಿಯಂತೆ ಓರೆಯಾಗಿ ನಡೆಯುತ್ತಾರೆ. 'ನೋಡೋಣ, ನೋಡೋಣ' ಎನ್ನದೆ ಮಾತು ಹೊರಡುವುದಿಲ್ಲ. ಯಾವ ಬಣ್ಣ ಬೇಕೆಂದು ಗಿರಾಕಿಯನ್ನು ಕೇಳುವುದಿಲ್ಲ. ಸೀಟನ್ನು ಕಳಚಿ, ಬಿಸಿಲು ಎಂದೂ ಕಾಣದ ತಳದ ಮಡಿಕೆಯನ್ನು ಬಿಡಿಸಿ, ಬಟ್ಟೆ ತಾನು ಹುಟ್ಟಿದಾಗ ಏನಾಗಿತ್ತೆಂಬುದನ್ನು ಅಲ್ಲಿಂದಲೇ ಓದಿಕೊಳ್ಳುತ್ತಾರೆ.

"ಮಗು ನೆಕ್ಕುತ್ತೆ ಬಾಸ್, ಏನೂ ಆಗಲ್ಲ ತಾನೆ?" ನಾಲ್ಕನೇ ಸಲ ಕೇಳಿದೆ.

"ನೋಡೋಣ, ನೋಡೋಣ. ಎಳೆ ಬಿಟ್ಟು ಬರೋ ಬಣ್ಣ ನಾನು ಹಾಕಲ್ಲ ಮಗಳೇ. ಆದ್ರೂ ಕೂಸಿಗೆ ಸೀಟು ತಿನ್ನಿಸೋದಕ್ಕಿಂತ ಬಾಳೆಹಣ್ಣು ಅಗ್ಗ."

ಆಮೇಲೆ ಮುಂದಿನ ಎಡಸೀಟಿನ ಎದುರು ನಿಂತುಬಿಟ್ಟರು. ಒರಗುವ ಭಾಗದಲ್ಲಿ, ಕುಳ್ಳ ಹೆಂಗಸಿನ ತುರುಬು ತಾಗುವ ಎತ್ತರಕ್ಕೆ, ಅಂಗೈಯಗಲದ ಹಳೆಯ ಕಲೆ.

"ಕೊಬ್ಬರಿ ಎಣ್ಣೆ. ಅಮ್ಮಂದಾ?"

"ಅತ್ತೆಯದು."

"ಎಣ್ಣೆ ಮೇಲೆ ಬಣ್ಣ ನಿಲ್ಲಲ್ಲ, ತೆಗೀಲೇಬೇಕು. ಅದಕ್ಕೇ ಕೇಳ್ತೀನಿ. ಇದ್ದಾರಾ, ಹೋದ್ರಾ?"

ಹೋದವರ ಕಲೆಯನ್ನು ಮನೆಯವರ ಅಪ್ಪಣೆಯಿಲ್ಲದೆ ಅವರು ಮುಟ್ಟುವುದಿಲ್ಲವಂತೆ. ಹಾಗೆ ಉಳಿಸಿಕೊಂಡ ಕಾರುಗಳು ಊರಿನಲ್ಲಿ ಮೂರೋ ನಾಲ್ಕೋ ಓಡಾಡುತ್ತಿವೆ, ಒಂದು ಭುಜದಷ್ಟು ಜಾಗ ಮಾತ್ರ ಹಳತಾಗಿ.

"ಇದ್ದಾರೆ," ಎಂದೆ. "ಕುರುಣೇಗಲದಲ್ಲಿ."

"ಹಾಗಾದ್ರೆ ತೊಳೀತೀನಿ. ಇದ್ದವರು ಮತ್ತೆ ಬಂದು ಕಲೆ ಮಾಡ್ತಾರೆ, ಬಿಡು."

ನಾನು ತಲೆ ತಗ್ಗಿಸಿದೆ. ಆಸ್ಪತ್ರೆಯಿಂದ ಮಗು ಮನೆಗೆ ಬಂದ ದಿನ ಅತ್ತೆ ವಾಡಿಕೆಯಂತೆ ತಮ್ಮ ಚಿನ್ನದ ಉಂಗುರ ತೇದ ಹಾಲನ್ನು ಅದರ ನಾಲಗೆಗೆ ಮುಟ್ಟಿಸಿದ್ದರು. ಸೋಂಕು ತಗಲೀತೆಂಬ ಭಯಕ್ಕೆ ನಾನು ಮಗುವನ್ನು ಕಿತ್ತುಕೊಂಡು, "ನಿಮ್ಮ ಕೊಳಕು ಉಂಗುರ" ಎಂದಿದ್ದೆ. ಮರುದಿನ ಬೆಳಿಗ್ಗೆ ಅವರು ಬಸ್ಸು ಹತ್ತಿದರು. ಆ ಸೀಟಿನಲ್ಲಿ ಮತ್ತೆ ಯಾರೂ ಕೂತಿಲ್ಲ; ಗಂಡ ಓಡಿಸುವಾಗ ನಾನು ಹಿಂದೆ, ಮಗುವಿನ ಕಾವಲಿಗೆ.

ಆರನೆಯ ದಿನ ಹೋದಾಗ ಮಧ್ಯಾಹ್ನ ಸುಡುತ್ತಿತ್ತು. ಸೀಟುಗಳು ಮಳೆಗೆ ಮುಂಚಿನ ಕಡಲಿನ ಬೂದುನೀಲಿಗೆ ಮರಳಿದ್ದವು. ಬಾಸ್ ಗಾಜುಗಳನ್ನೆಲ್ಲ ಏರಿಸಿಕೊಂಡು, ಅದೇ ಬಿಳಿ ಅಂಗಿಯಲ್ಲಿ, ಒಂದು ಸೀಟಿನಿಂದ ಇನ್ನೊಂದಕ್ಕೆ ಸರಿಯುತ್ತಾ ಬೆವರು ಸುರಿಸುತ್ತಾ ಕೂತಿದ್ದರು. ಕೊನೆಗೆ ಇಳಿದು ನನಗೆ ಬೆನ್ನು ತಿರುಗಿಸಿದರು. ಅಂಗಿ ಮೈಗೆ ಅಂಟಿಕೊಂಡಿತ್ತು, ತೊಯ್ದು ತೊಟ್ಟಿಕ್ಕುತ್ತಿತ್ತು, ಎಳ್ಳಷ್ಟೂ ನೀಲಿಯಿಲ್ಲದೆ ಬೆಳ್ಳಗಿತ್ತು.

ಇಂಥವರು ಭರವಸೆಯನ್ನು ನಾಲಗೆಯಿಂದ ಕೊಡುವುದಿಲ್ಲ, ತಮ್ಮ ಬೆನ್ನನ್ನೇ ಒತ್ತೆಯಿಡುತ್ತಾರೆ. ಬಿಸಿಲು ಕದ್ದದ್ದನ್ನು ಮರಳಿ ತಂದಿಟ್ಟು, ಮನುಷ್ಯರು ಮಾಡಬೇಕಾದ ಕಲೆಯನ್ನು ಮಾತ್ರ ಮನುಷ್ಯರಿಗೇ ಬಿಟ್ಟು ಪಕ್ಕಕ್ಕೆ ಸರಿಯುತ್ತಾರೆ.

ಹಲಸಿನ ನೆರಳಿನಲ್ಲಿ ನಿಂತು ಅತ್ತೆಯ ನಂಬರು ಒತ್ತಿದೆ.

"ಅಮ್ಮಾ, ನಾನು."

"ಮಗೂಗೆ ಹುಷಾರಿಲ್ವಾ?"

"ಚೆನ್ನಾಗಿದ್ದಾಳೆ. ಭಾನುವಾರ ಕಾರು ತರ್ತೀವಿ, ನಿಮ್ಮನ್ನ ಕರಕೊಂಡು ಬರೋದಕ್ಕೆ. ತಲೆಗೆ ಎಣ್ಣೆ ಹಚ್ಕೊಂಡೇ ಬನ್ನಿ."