ದೊರೆಯ ಎಡಗಾಲು

ಗ್ರೇಹೌಂಡ್ ನಾಯಿಯನ್ನು ಸಾಕುವುದೆಂದರೆ ಅಳಿಯ ಬಂದು ಮನೆಯಲ್ಲಿ ಠಿಕಾಣಿ ಹೂಡಿದ ಹಾಗೆ. ಬರಿನೆಲದಲ್ಲಿ ಮಲಗಿದರೆ ಮೊಣಕೈ ತರಚುತ್ತದೆ, ತುಸು ಚಳಿಗೇ ಗಡಗಡ ನಡುಗುತ್ತದೆ, ಉದ್ದ ಕುತ್ತಿಗೆ ಬಗ್ಗಿಸುವುದು ಕಷ್ಟವೆಂದು ಊಟದ ಬಟ್ಟಲನ್ನು ಸ್ಟೂಲಿನ ಮೇಲಿಡಬೇಕು. ಪರದೆ ಹೊಲಿಯುವ ಆ ಹೆಂಗಸು ಇದಿಷ್ಟನ್ನೂ ಗೊಣಗುತ್ತಲೇ ಕಲಿತಳು. ಗಿರಾಕಿಗಳ ಪರದೆಯಲ್ಲಿ ಮಿಕ್ಕ ಅಸ್ತರಿನಿಂದ ಅದಕ್ಕೆ ಅಂಗಿ ಹೊಲಿದಳು, ಹಳೆಯ ಸೋಫಾದ ಫೋಮು ಕತ್ತರಿಸಿ ಹಾಸಿಗೆ ಮಾಡಿದಳು. ಇದರ ದರ್ಬಾರು ನೋಡಲಾರದೆ ‘ದೊರೆ’ ಎಂದು ಹೆಸರಿಟ್ಟವಳೂ ಅವಳೇ.

ನಾಯಿಯನ್ನು ತಂದವನು ಅವಳ ಗಂಡ, ಲಿಫ್ಟ್ ರಿಪೇರಿ ಮಾಡುವವನು. ಅವನು ಹೋಗಿ ಬರುತ್ತಿದ್ದ ಕಟ್ಟಡವೊಂದರಲ್ಲಿ ಜಾತಿ ನಾಯಿಗಳನ್ನು ಸಾಕುವವರಿದ್ದರು. ಬಾಲ ಸೊಟ್ಟಗಿದೆ, ಪ್ರದರ್ಶನಕ್ಕೆ ಆಗದು ಎಂದು ಒಂದು ಮರಿಯನ್ನು ಇವನ ಕೈಗೆ ದಾಟಿಸಿದರು. ಜೊತೆಗೆ ಅದರ ವಂಶವೃಕ್ಷವನ್ನೂ ಕೊಟ್ಟರು. ತನಗೆ ತನ್ನ ಮುತ್ತಾತನ ಹೆಸರೇ ಗೊತ್ತಿಲ್ಲ, ಈ ಮರಿಯ ಮುತ್ತಾತ ಓಟದಲ್ಲಿ ಕಪ್ ಗೆದ್ದಿದ್ದಾನಂತೆ ಎಂದು ಅವನು ಬಂದುಹೋದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ.

ಗಂಡನಿಗೆ ಎಡಗಾಲು ಕುಂಟು. ಯಾವಾಗಲೋ ಲಿಫ್ಟಿನ ಗುಂಡಿಗೆ ಬಿದ್ದು ಮುರಿದದ್ದು ಸರಿಯಾಗಿ ಕೂಡಲೇ ಇಲ್ಲ. ಮರಿಯೋ ಅವನು ಮನೆಯಲ್ಲಿದ್ದಷ್ಟು ಹೊತ್ತೂ ಅವನ ಕಾಲಿಗೇ ಅಂಟಿಕೊಂಡಿರುತ್ತಿತ್ತು. ಒಂದು ದಿನ ನೋಡಿದರೆ ಅದೂ ಎಡ ಮುಂಗಾಲನ್ನು ಎತ್ತಿ, ಅರೆಗಳಿಗೆ ತಡೆದು, ಆಮೇಲೆ ಊರುತ್ತಿದೆ. ಅವನಿಲ್ಲದಾಗ ಬಾಣದಂತೆ ಓಡುವ ಪ್ರಾಣಿ, ಅವನ ಹಿಂದೆ ನಡೆಯುವಾಗ ಮಾತ್ರ ಕುಂಟುತ್ತಿತ್ತು. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಗಳು ಫೋನಿನಲ್ಲಿ ವಿಡಿಯೋ ತೆಗೆದಳು: ಉದ್ದನೆಯ ಕಾರಿಡಾರು, ಮುಂದೆ ಅಪ್ಪ, ಹಿಂದೆ ದೊರೆ, ಇಬ್ಬರದೂ ಒಂದೇ ನಡಿಗೆ.

ಆ ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ದೊರೆಗೆ ಆರೋಗ್ಯ ವಿಮೆ ಮಾಡಿಸಿದಳು. ಜಾತಿ ನಾಯಿಗೆ ಕಾಯಿಲೆಯೂ ದುಬಾರಿ ಎಂದು ಯಾರೋ ಅವಳ ಕಿವಿ ಕಚ್ಚಿದ್ದರು. ಮನೆಯವರಿಗೇ ಇಲ್ಲದ ವಿಮೆ ನಾಯಿಗೆ ಯಾಕೆ ಎಂದು ಅಪ್ಪ ರೇಗಿಸಿದ. ಆ ಮಾತು ಬಾಯಿಂದ ಬಂದು ಹೆಚ್ಚು ಕಾಲವಾಗಿರಲಿಲ್ಲ. ಒಂದು ಬೆಳಿಗ್ಗೆ ಶೂ ಹಾಕಿಕೊಳ್ಳಲು ಬಗ್ಗಿದವನು ಹಾಗೆಯೇ ಪಕ್ಕಕ್ಕೆ ವಾಲಿದ. ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು.

ಅಂದಿನಿಂದ ದೊರೆಯ ಕುಂಟೂ ನಿಂತಿತು. ಮುಂದೆ ಯಾರೂ ಇಲ್ಲದ ಮೇಲೆ ಯಾರನ್ನು ಅನುಕರಿಸಬೇಕು ಪಾಪ. ಮೂಲೆ ಹಿಡಿದು ಮಲಗಿತು, ಎದ್ದಾಗ ನೆಟ್ಟಗೆ ನಡೆಯಿತು. ಹೊಲಿಗೆ ಮೆಷಿನ್ನಿನ ಮುಂದೆ ಕೂತವಳಿಗೆ ಮನೆ ಭಣಗುಟ್ಟುತ್ತಿತ್ತು. ಗಂಡನ ಕಾಲಸಪ್ಪಳ ಇಷ್ಟು ದಿನ ತನ್ನ ಕಿವಿಯಲ್ಲಿ ಮನೆ ಮಾಡಿಕೊಂಡಿತ್ತೆಂದು ಅದು ಹೋದ ಮೇಲೆಯೇ ಅವಳಿಗೆ ತಿಳಿದದ್ದು.

ವರ್ಷ ತುಂಬುವ ಹೊತ್ತಿಗೆ ಒಂದು ಮಧ್ಯಾಹ್ನ ಕಾರಿಡಾರಿನಲ್ಲಿ ಉಗುರಿನ ಸದ್ದು ಕೇಳಿತು. ಟಕ್, ಟಕ್, ಟಕ್, ಒಂದು ತಡೆ, ಟಕ್. ಅವಳ ಕೈಯಲ್ಲಿದ್ದ ಪರದೆ ಜಾರಿತು. ತಿರುಗಿ ನೋಡಿದರೆ ದೊರೆ ಎಡಗಾಲನ್ನು ಎತ್ತಿ, ತಡೆದು, ಊರಿ ಬರುತ್ತಿದೆ. ಅವಳಿಗೆ ಅಳು ಬಂತು, ಸಂತೋಷವೂ ಆಯಿತು. ಮಗಳು ಸಂಜೆ ನೋಡಿ, ಡಾಕ್ಟರಿಗೆ ತೋರಿಸೋಣ ಎಂದಳು.

"ಏನೂ ಬೇಡ ಕಣೇ. ನಿಮ್ಮಪ್ಪನ್ನ ನೆನೆಸ್ಕೊಂಡಿದ್ದಾನೆ, ಅಷ್ಟೇ. ಇರಲಿ ಬಿಡು."

ಮಗಳು ಮತ್ತೆ ಮತ್ತೆ ಹೇಳಿದಳು. ಇವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಬೇಕೆಂದೇ ಹಾಕಿಕೊಳ್ಳಲಿಲ್ಲ ಎಂದರೂ ತಪ್ಪಲ್ಲ. ದಿನವೂ ಆ ಸದ್ದಿಗೆ ಕಾಯುತ್ತಿದ್ದಳು. ಕಾಲಿನ ಗಂಟಿನ ಮೇಲೆ ಊತ ಕಂಡ ದಿನ ಮಾತ್ರ ಅವಳೇ ಮಗಳಿಗೆ ಫೋನು ಮಾಡಿ, ಡಾಕ್ಟರ ಹತ್ತಿರ ಹೋಗೋಣ ಎಂದಳು.

ನಾಯಿ ಡಾಕ್ಟರು ಎಕ್ಸ್‌ರೇ ನೋಡಿ, ಮೂಳೆಯ ಕ್ಯಾನ್ಸರ್ ಎಂದರು. ಈ ಜಾತಿಯ ನಾಯಿಗಳನ್ನು ಅದು ಹೆಚ್ಚು ಕಾಡುತ್ತದಂತೆ. ಕಾಲು ತೆಗೆದು, ಇಂಜೆಕ್ಷನ್ ಕೊಟ್ಟರೆ ಇನ್ನೂ ಒಂದಷ್ಟು ಕಾಲ ಬದುಕೀತು, ಆದರೆ ತಡ ಮಾಡಬಾರದು. ಎಂದಿನಿಂದ ಕುಂಟುತ್ತಿದೆ ಎಂದು ಅವರು ಕೇಳಿದಾಗ ಗಾಬರಿಯಲ್ಲಿದ್ದವಳು, ಇವನು ಮರಿಯಿಂದಲೂ ಕುಂಟನೇ ಎಂದುಬಿಟ್ಟಳು. ಡಾಕ್ಟರು ಅದನ್ನೇ ವಿಮೆಯವರಿಗೆ ಬರೆದರು. ವಿಮೆಗೆ ಮುಂಚೆ ಇದ್ದ ಕಾಯಿಲೆಗೆ ಹಣ ಕೊಡಲಾಗದು ಎಂದು ವಿಮೆಯವರು ಕೈಯೆತ್ತಿದರು.

ಮಗಳು ಫೋನಿನ ಮೇಲೆ ಫೋನು ಮಾಡಿ ವಿಮೆ ಕಚೇರಿಯ ಹುಡುಗಿಯೊಬ್ಬಳನ್ನು ಹಿಡಿದಳು. ಆಗಿನದು ಆಟದ ಕುಂಟು, ಈಗಿನದು ನೋವಿನ ಕುಂಟು ಎಂದು ತಾಯಿ ಮಗಳಿಬ್ಬರೂ ಬಿಡಿಸಿ ಹೇಳಿದರು. ಆ ಹುಡುಗಿ ಒಳ್ಳೆಯವಳೇ. ಏನಾದರೂ ಸಾಕ್ಷಿ ಇದ್ದರೆ ಕಳಿಸಿ ಅಂದಳು. ತಾಯಿಯ ಮುಖ ಅರಳಿತು. ಸಾಕ್ಷಿ ಇಲ್ಲದೆ ಏನು? ವಿಡಿಯೋ ಕಳಿಸಿದರು. ಯಜಮಾನನನ್ನೂ ನಾಯಿಯನ್ನೂ ಒಟ್ಟಿಗೆ ನೋಡಿದ ಮೇಲೆ ಯಾರಿಗೆ ತಾನೆ ಅನುಮಾನ ಉಳಿದೀತು?

ಉತ್ತರ ಬರಲು ದಿನಗಳು ಹಿಡಿದವು. ದೊರೆ ಊಟ ಕಡಿಮೆ ಮಾಡಿತು. ಕೊನೆಗೆ ಆ ಹುಡುಗಿಯೇ ಫೋನು ಮಾಡಿದಳು.

"ಅಮ್ಮಾ, ನಮ್ಮ ಮೇಲಿನವರು ನೋಡಿದರು. ವಿಡಿಯೋ ವಿಮೆಗಿಂತ ಮುಂಚಿನದು. ಅದರಲ್ಲಿ ನಾಯಿ ಕುಂಟ್ತಾ ಇದೆಯಲ್ಲ, ಅದೇ ಸಾಕ್ಷಿ ಅಂತಾರೆ."

"ಅವನು ನಮ್ಮನೆಯವರನ್ನ ನೋಡಿ ಹಾಗೆ ಮಾಡ್ತಿದ್ದ ಕಣಮ್ಮ. ಬೇಕಾದ್ರೆ ಅವರನ್ನೇ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಕೇಳೋಣವೆಂದರೆ ಅವನೆಲ್ಲಿದ್ದ?

ಮಗಳು ಮತ್ತೊಂದು ಮನವಿ ಬರೆದಳು, ಗೊತ್ತಿದ್ದವರ ಹತ್ತಿರವೆಲ್ಲ ಕೈಚಾಚಿದಳು. ಒಂದಿಷ್ಟು ಹಣ ಕೂಡಿತು ಎನ್ನುವಾಗ ಡಾಕ್ಟರು ಎದೆಯ ಎಕ್ಸ್‌ರೇ ತೆಗೆದು, ಶ್ವಾಸಕೋಶಕ್ಕೆ ಹರಡಿದೆ, ಇನ್ನು ಕಾಲು ತೆಗೆದರೂ ಅಷ್ಟೇ ಎಂದರು. ನೋವಿಗೆ ಮಾತ್ರೆ ಬರೆದುಕೊಟ್ಟರು. ಓಡಲು ಬಿಡಬೇಡಿ, ಆ ಮೂಳೆ ಯಾವ ಗಳಿಗೆಯಲ್ಲಾದರೂ ಮುರಿಯಬಹುದು, ಮುರಿದ ದಿನ ಕರೆದುಕೊಂಡು ಬನ್ನಿ ಎಂದರು. ಕರೆದುಕೊಂಡು ಬಂದರೆ ಏನು ಮಾಡುತ್ತಾರೆಂದು ಇವರು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬೇಯಿಸಿದ ಮೊಟ್ಟೆಯೊಳಗೆ ಮಾತ್ರೆ ಹುದುಗಿಸಿ ಕೊಟ್ಟಳು. ದೊರೆ ಗುಳುಂ ಮಾಡಿತು. ಮರುದಿನ ಬೆಳಿಗ್ಗೆಯ ಮಾತ್ರೆಯೂ ಆದ ಮೇಲೆ ಅವಳು ಪರದೆಯ ಅಂಚು ಮಡಚುತ್ತಿದ್ದಾಗ ಕಾರಿಡಾರಿನಿಂದ ಸದ್ದು ಬಂತು. ಟಕ್, ಟಕ್, ಟಕ್, ಟಕ್. ತಡೆಯೇ ಇಲ್ಲ. ಬೇರೆ ಯಾರದೋ ನಾಯಿ ಬಂತೇನೋ ಎಂದು ತಿರುಗಿದರೆ ದೊರೆಯೇ, ಸೊಟ್ಟ ಬಾಲ ಆಡಿಸುತ್ತ ನೆಟ್ಟಗೆ ಬರುತ್ತಿತ್ತು.

"ನೋಡಮ್ಮ, ಅವನಿಗೆ ನೋವೇ ಇಲ್ಲ" ಎಂದು ಅಂಗಡಿಗೆ ಹೊರಟಿದ್ದ ಮಗಳು ಹಿಗ್ಗಿದಳು.

ತಾಯಿ ನೋಡಿದಳು. ತಾನು ಇಷ್ಟು ದಿನ ಕಿವಿತುಂಬ ಕೇಳಿದ್ದು ಗಂಡನ ನಡಿಗೆಯಲ್ಲ, ಈ ಮೂಕಪ್ರಾಣಿಯ ನರಳಾಟ ಎಂಬುದು ಅವಳಿಗೆ ಆಗ ಪೂರ್ತಿ ಅರ್ಥವಾಯಿತು. ದೊರೆಯ ತಲೆಯನ್ನು ಮಡಿಲಿಗೆ ಎಳೆದುಕೊಂಡು, ತಪ್ಪಾಯಿತು ಕಣೋ ಎಂದು ಬಾಯಿಬಿಟ್ಟು ಅತ್ತಳು. ನಾಯಿ ಅವಳ ಕೈಗೆ ಅಂಟಿದ್ದ ಮೊಟ್ಟೆಯ ಚೂರು ನೆಕ್ಕಿತು.

ಸಂಜೆಯಾದಂತೆ ಮಾತ್ರೆಯ ಬಲ ಇಳಿಯಿತು. ಮಗಳು ಇನ್ನೂ ಅಂಗಡಿಯಿಂದ ಬಂದಿರಲಿಲ್ಲ. ಕಾರಿಡಾರಿನ ಆ ತುದಿಯಲ್ಲಿ ದೊರೆ ಎದ್ದ ಸದ್ದಾಯಿತು. ಟಕ್, ಟಕ್, ಟಕ್, ಒಂದು ತಡೆ, ಟಕ್. ಅವಳು ತಟ್ಟನೆ ಏಳಬೇಕಿತ್ತು. ಏಳಲಿಲ್ಲ. ಹೊಲಿಗೆ ನಿಲ್ಲಿಸಿ, ಕಣ್ಣು ಮುಚ್ಚಿ, ಅದು ತನ್ನ ಕುರ್ಚಿಯವರೆಗೂ ಬರುವುದನ್ನು ಕೇಳಿಸಿಕೊಂಡಳು. ಆಮೇಲೆ ಎದ್ದು ಮೊಟ್ಟೆ ಸುಲಿದಳು.