ಬರಿನೀರಿನ ಟ್ಯೂಬು

ಫ್ರೀಜರಿನ ಸದ್ದು ನಿಂತಿತು, ಇಲ್ಲ, ನಿಂತಿಲ್ಲ, ಒಂದು ಗಳಿಗೆ ಉಸಿರು ಹಿಡಿದು ಮತ್ತೆ ಗುಂಯ್ ಎಂದು ಶುರುವಾಯಿತು, ಹನ್ನೊಂದು ವರ್ಷದಿಂದ ಲ್ಯಾಬಿನ ಈ ಬಾಗಿಲಿಗೆ ಇವಳು ರಕ್ತದ ಪೆಟ್ಟಿಗೆ ತಂದು ಒಪ್ಪಿಸಿ ಹೋಗಿದ್ದಾಳೆ, ಅದು ಹೀಗೆ ಉಸಿರಾಡುತ್ತದೆ ಎಂದು ಗೊತ್ತಾಗಿದ್ದು ಇವತ್ತು, ಬೆಂಚಿನ ಮೇಲೆ ಕೂತು ಕಾಯಬೇಕಾಗಿ ಬಂದಾಗ — ಅದರೊಳಗೆ ಎಷ್ಟು ಜನ, ಸಾವಿರವೋ ಹತ್ತು ಸಾವಿರವೋ, ಹೆಸರಿಲ್ಲ, ಬರೀ ನಂಬರು, ದೇಶದವರ ಮೈಯಲ್ಲಿ ಯಾವ ಯಾವ ರಾಸಾಯನಿಕ ಸೇರಿಕೊಂಡಿದೆ ಎಂದು ನೋಡುವ ಯೋಜನೆಗೆ ಚೀಟಿ ಎತ್ತಿ ಆರಿಸಿದ ಮನೆಗಳ ಜನ, ಅರ್ಧ ರಕ್ತ ಈಗ ನೋಡಲು, ಅರ್ಧ ಮುಂದೆ ಯಾವಾಗಲೋ ಯಾರೋ ಕರಗಿಸಿ ನೋಡಲು, ಆ ಪೈಕಿ ಎಷ್ಟು ಮಂದಿ ತೀರಿಕೊಂಡಿದ್ದಾರೋ, ಕರಗಿಸಿದರೆ ಅವರ ರಕ್ತ ಇವತ್ತಿಗೂ ಕೆಂಪಗೆ ಹರಿಯುತ್ತದೆ, ಇವಳೇ ತೆಗೆದದ್ದು, ಯಾರಿಗೂ ಸಿಗದ ನರ ಇವಳ ಬೆರಳಿಗೆ ಸಿಗುತ್ತದೆ, ಅದಕ್ಕೇ ಇಲಾಖೆಯಲ್ಲಿ ಇವಳ ನಿಜವಾದ ಹೆಸರು ಮರೆತುಹೋಗಿ ಎಲ್ಲರ ಬಾಯಲ್ಲೂ ಸೂಜಿಯಕ್ಕ. ಸೂಜಿಯಕ್ಕ ಹನ್ನೊಂದು ಗಂಟೆಗೆ ಬನ್ನಿ, ರಿಸಲ್ಟು ಬಂದಿದೆ, ಫೋನಿನಲ್ಲಿ ಬೇಡ ಅಂದ ಲ್ಯಾಬಿನ ಹುಡುಗ, ಹುಡುಗನೇನು ಮೂವತ್ತೈದು ದಾಟಿದವನು, ಈಗ ಹನ್ನೊಂದೂಕಾಲು, ಗಾಜಿನ ಆಚೆ ಅವನ ಬಿಳಿ ಕೋಟು ಓಡಾಡುತ್ತಿದೆ, ಮುಖ ಮಾತ್ರ ಈ ಕಡೆ ತಿರುಗುತ್ತಿಲ್ಲ.

ನೀರು, ಬರಿನೀರು, ಅದೇ ಇವಳ ತಲೆ ತಿನ್ನುತ್ತಿರುವುದು, ಪ್ರತಿ ಮನೆಗೂ ರಕ್ತದ ಟ್ಯೂಬುಗಳ ಜೊತೆ ಒಂದು ಟ್ಯೂಬು ಶುದ್ಧ ನೀರು ಒಯ್ಯಬೇಕು, ರಕ್ತ ತೆಗೆಯುವ ಮೊದಲು ಮುಚ್ಚಳ ತಿರುಗಿಸಿ ತೆಗೆದು ಒಂದು ನಿಮಿಷ ಆ ಮನೆಯ ಗಾಳಿಗೆ ಹಿಡಿದು ಮತ್ತೆ ಮುಚ್ಚಬೇಕು, ಲ್ಯಾಬಿನಲ್ಲಿ ಆ ನೀರಲ್ಲಿ ಏನೂ ಸಿಗಬಾರದು, ಸಿಕ್ಕರೆ ಹೊರಗಿಂದ ಏನೋ ಸೇರಿದೆ ಎಂದು ಆ ಮನೆಯ ರಕ್ತವೆಲ್ಲ ತಿಪ್ಪೆಗೆ. ಬೇರೆ ನರ್ಸುಗಳು ಒಂದು ನಿಮಿಷ ಎಂದರೆ ಮನಸ್ಸಿನಲ್ಲೇ ಇಪ್ಪತ್ತು ಎಣಿಸಿ ಮುಚ್ಚುತ್ತಾರೆ, ಇವಳು ಹಾಗಲ್ಲ, ಗ್ಲೌಸಿನ ಮೇಲೇ ವಾಚು ಕಟ್ಟಿಕೊಂಡು ಮುಳ್ಳು ಪೂರ್ತಿ ಒಂದು ಸುತ್ತು ಬರುವತನಕ ಹಿಡಿಯುತ್ತಾಳೆ, ಶಿಸ್ತು ಅಂದರೆ ಶಿಸ್ತು, ಕೈಗೆ ಕ್ರೀಮಿಲ್ಲ ಮೈಗೆ ಪೌಡರಿಲ್ಲ, ಮದುವೆ ಮನೆಗೂ ಸೆಂಟು ಹಾಕದೆ ಹೋದವಳು, ಅಂಥವಳಿಗೆ ಹದಿನೈದು ದಿನದ ಹಿಂದೆ ಅದೇ ಲ್ಯಾಬಿನ ಹುಡುಗನ ಫೋನು, ಎರಡು ತಿಂಗಳಿಂದ ನೀವು ತಂದ ನೀರು ಒಂದೂ ಶುದ್ಧ ಇಲ್ಲ, ಇಪ್ಪತ್ತಾರು ಮನೆ, ಇಪ್ಪತ್ತಾರರಲ್ಲೂ ಒಂದೇ ವಸ್ತು, ನೀರು ಜಿಡ್ಡು ಯಾವುದೂ ಅಂಟದ ಹಾಗೆ ಮಳೆಕೋಟಿಗೆ ಚೀಲಕ್ಕೆ ಬಳಿಯೋದು, ಒಂದ್ಸಲ ಮೈಗೆ ಸೇರಿದರೆ ವರ್ಷಗಟ್ಟಲೆ ಹೋಗಲ್ಲ, ಬೇರೆಯವರ ನೀರೆಲ್ಲ ಸರಿಯಾಗಿದೆ. ಹಾಗಾದ್ರೆ ಆ ಮನೆಗಳಲ್ಲಿದೆಯೇನೋ ಅಂದಳು. ಇಲ್ಲ ಅಕ್ಕ, ಮನೆಗಳಲ್ಲಿಲ್ಲ, ಅದು ನಿಮ್ಮ ಜೊತೆ ಬರ್ತಿದೆ.

ಜೊತೆ ಬರ್ತಿದೆ, ಆ ಮಾತು ಕಿವಿಗೆ ಬಿದ್ದ ದಿನದಿಂದ ಹೆಜ್ಜೆ ಹಿಂದೆ ಹೆಜ್ಜೆ, ಮೆಟ್ಟಿಲು ಹತ್ತಿದರೆ ಅದೂ ಹತ್ತುತ್ತದೆ, ಬೆಲ್ಲು ಒತ್ತಿದರೆ ಇವಳ ಹೆಗಲ ಮೇಲಿಂದ ಅದೂ ಬಾಗಿಲು ನೋಡುತ್ತದೆ, ಮೂರನೆಯ ಮಹಡಿಯ ಆ ಮುದುಕಿ, ಎರಡು ಕಣ್ಣಿಗೂ ಪೊರೆ, ಬಾಗಿಲು ತೆಗೆದು ಇವಳ ಬೆನ್ನ ಹಿಂದೆ ನೋಡುತ್ತ ನಿಂತಳು, ನಿಮ್ಮ ಜೊತೆ ಬಂದವರು ಒಳಗೆ ಬರಲ್ವಾ. ಡ್ರೈವರು ಕೆಳಗೆ ವ್ಯಾನಲ್ಲೇ ಇರ್ತಾನಮ್ಮ ಅಂದರೆ ಮುದುಕಿ ತಲೆಯಾಡಿಸಿ, ಡ್ರೈವರಲ್ಲ, ಅಂದು ಸುಮ್ಮನೆ ತೋಳು ಚಾಚಿದಳು, ಅವತ್ತು ಹನ್ನೊಂದು ವರ್ಷದಲ್ಲಿ ಮೊದಲ ಸಲ ಇವಳ ಸೂಜಿ ನರ ತಪ್ಪಿತು. ಉಸಿರಲ್ಲಿದೆಯೋ, ಬೆವರಲ್ಲಿದೆಯೋ, ಕನ್ನಡಿ ಮುಂದೆ ನಿಂತು ಬಾಯಿ ತೆರೆದು ನೋಡಿಕೊಂಡಳು, ಥೂ, ಐವತ್ತೆರಡು ವರ್ಷದ ಹೆಂಗಸು ಕನ್ನಡಿಗೆ ನಾಲಗೆ ಚಾಚಿ ನಿಂತಿದ್ದಾಳೆ, ಸೋಪು ಬದಲಿಸಿದಳು, ಮಳೆಕೋಟು ಬಿಸಾಡಿದಳು, ಹೋದದ್ದು ಹೋಗಲಿ, ಕೆಲಸದ್ದೂ ಅಲ್ಲ ಚಿಂತೆ, ಇಪ್ಪತ್ತಾರು ಮನೆಯವರ ರಕ್ತದ್ದೂ ಅಲ್ಲ, ನಿಜ ಹೇಳಬೇಕೆಂದರೆ ಸಂಜೆಯದು, ಸಂಜೆ ಮಗಳು ಎರಡನೇ ಪಾಳಿಗೆ ಹೋಗುವಾಗ ಇವಳ ತೋಳಿಗೆ ಹಾಕಿ ಹೋಗುವ ಆ ಎಂಟು ತಿಂಗಳ ಜೀವದ್ದು.

ಮೊಮ್ಮಗು ಪುಟ್ಟಿ ತೋಳು ಚಾಚುತ್ತದೆ, ಹೇಗೆ ಎತ್ತಿಕೊಳ್ಳುವುದು, ಎತ್ತಿಕೊಳ್ಳದೆ ಹೇಗಿರುವುದು, ಮೊಣಕೈತನಕ ಮೂರು ಸಲ ತೊಳೆದು, ದುಪ್ಪಟಿಯಲ್ಲಿ ಸುತ್ತಿ, ಮುಖ ಆಚೆ ತಿರುಗಿಸಿ ಉಸಿರಾಡುತ್ತ, ಏನಮ್ಮ ಇದು, ಮಗುನ ಪಾರ್ಸೆಲ್ ಹಿಡ್ಕೊಂಡ ಹಾಗೆ ಹಿಡ್ಕೊಂಡಿದೀಯ ಅಂದಳು ಮಗಳು, ನೆಗಡಿ ಕಣೇ ಅಂದಳು ಇವಳು, ಹದಿನೈದು ದಿನದ ನೆಗಡಿನಾ ಅಂತ ಮಗಳು ನಕ್ಕು ಚಪ್ಪಲಿ ಮೆಟ್ಟಿದಳು, ಮುತ್ತು ಕೊಟ್ಟಿಲ್ಲ ಹದಿನೈದು ದಿನದಿಂದ, ಆ ಹಾಲುಗಲ್ಲದ ಹತ್ತಿರ ತುಟಿ ಒಯ್ದು ಒಯ್ದು ವಾಪಸು ತಂದಿದ್ದಾಳೆ, ಅದರ ಮೇಲೆ ಪುಟ್ಟಿಗೆ ಹಲ್ಲು ಬರುವ ಕಾಟ, ಕೆಳಗೆ ಎರಡು ಬಂದಿವೆ ಅಕ್ಕಿಕಾಳಿನ ಹಾಗೆ, ಸಿಕ್ಕಿದ್ದೆಲ್ಲ ಬಾಯಿಗೆ, ಮೊದಲೆಲ್ಲ ಅಜ್ಜಿಯ ಬೆರಳೇ ಬೇಕು, ವಸಡಿಗೆ ಒತ್ತಿ ಕಚ್ಚಿ ಜೊಲ್ಲು ಸುರಿಸಿ ಕಣ್ಣು ಮುಚ್ಚುತ್ತಿತ್ತು, ಈಗ ಬೆರಳು ಕೊಡುವುದು ಹೇಗೆ, ಬೆರಳಲ್ಲೇ ಇದ್ದರೆ ಆ ಹಾಳಾದ್ದು, ಬೇಡ ಪುಟ್ಟಿ, ಬೆರಳು ಛೀ, ಎಂದು ಮುಷ್ಟಿ ಬಿಗಿದು ಮಣಿಕಟ್ಟು ಮುಂದೆ ಮಾಡಿದಳು, ತಗೋ ಇದನ್ನ ಕಚ್ಚು, ವಾಚಿನ ಬೆಲ್ಟು, ಬೆವರಿಗೆ ಹಳೆಯ ಚರ್ಮದ್ದು ಕೊಳೆಯಿತೆಂದು ಎರಡೂವರೆ ತಿಂಗಳ ಹಿಂದೆ ಮಗಳೇ ತಂದುಕೊಟ್ಟ ಹೊಸ ರಬ್ಬರ್ ಬೆಲ್ಟು, ಮೆತ್ತಗೆ, ನುಣ್ಣಗೆ, ಸೋಪು ಹಚ್ಚಿ ತೊಳೆದರೆ ಫಳಫಳ, ಪುಟ್ಟಿ ಎರಡೂ ಕೈಯಲ್ಲಿ ಹಿಡಿದು ಕಚಕಚ ಕಚ್ಚಿತು, ಅಳು ನಿಂತಿತು, ಅಬ್ಬ ಎಂದು ಇವಳು ಕೂತಲ್ಲೇ ಕಣ್ಣೊರೆಸಿಕೊಂಡಳು.

ಹೋದ ವಾರ ಲ್ಯಾಬಿನ ಹುಡುಗ ಕರೆಸಿ ಆರು ಟ್ಯೂಬು ಮುಂದಿಟ್ಟ, ಒಂದು ಬರಿಗೈಯಲ್ಲಿ, ಒಂದು ಗ್ಲೌಸು ಹಾಕಿ, ಒಂದು ಕೂದಲು ಬಿಚ್ಚಿ, ಒಂದರ ಮೇಲೆ ಜೋರಾಗಿ ಉಸಿರು ಬಿಡಿ ಅಂದ, ಒಂದಕ್ಕೆ ಸೀರೆಯ ಸೆರಗು ಹಿಡಿಸಿದ, ಐದಕ್ಕೂ ಮುಚ್ಚಳ ಅವನೇ ಹಿಡಿದು, ಗೋಡೆಯ ಗಡಿಯಾರ ನೋಡಿ ಸಾಕು ಅಂದ, ಆರನೆಯದಕ್ಕೆ ಮಾತ್ರ, ನಾನು ಇಲ್ಲ ಅಂದ್ಕೊಳ್ಳಿ, ಮನೆಗಳಲ್ಲಿ ಹೇಗೆ ಮಾಡ್ತೀರೋ ಹಾಗೇ ಮಾಡಿ, ಮಾಡಿದಳು, ಗ್ಲೌಸು, ಗ್ಲೌಸಿನ ಮೇಲೆ ವಾಚು, ಬಲಗೈಯಲ್ಲಿ ಟ್ಯೂಬು, ವಾಚಿನ ಎಡಗೈ ಬೆರಳು ಮಡಿಚಿ ಅಂಗೈಬುಡದಲ್ಲಿ ಮುಚ್ಚಳ, ಮುಳ್ಳು ಒಂದು ಸುತ್ತು — ಈಗ ಗಾಜಿನ ಬಾಗಿಲು ತೆರೆಯಿತು, ಅವನೇ ಬಂದ, ಕೈಯಲ್ಲಿ ಒಂದು ಹಾಳೆ. ನಿಮ್ಮ ಮೈಯಲ್ಲಿಲ್ಲ ಅಕ್ಕ, ಅಂದ ನಗುತ್ತ, ಉಸಿರಲ್ಲಿಲ್ಲ, ಕೈಯಲ್ಲಿಲ್ಲ, ಐದೂ ಶುದ್ಧ, ಸುಮ್ನೆ ಹೆದರಿಸಿಬಿಟ್ಟೆ ನಿಮ್ಮನ್ನ, ಅಯ್ಯೋ ಬದುಕಿದೆ, ಬದುಕಿದೆ ಪುಟ್ಟಿ, ಇವತ್ತು ಸಂಜೆ ಆ ಕೆನ್ನೆಯನ್ನು ಕಚ್ಚಿ ತಿಂದುಬಿಡುತ್ತೇನೆ, ಬೆರಳು ಹತ್ತೂ ಕೊಡುತ್ತೇನೆ, ಎದ್ದೇ ನಿಂತಳು, ಅವನು ಇನ್ನೂ ಏನೋ ಹೇಳುತ್ತಿದ್ದಾನೆ, ಆರನೆಯದು ಮಾತ್ರ, ಮುಚ್ಚಳ ಹಿಡಿದಿದ್ರಲ್ಲ, ಅದರ ಅಂಚು ಪ್ರತಿ ಸಲ ವಾಚಿನ ಬೆಲ್ಟಿಗೇ ತಾಗತ್ತೆ, ಇಂಥ ಬೆಲ್ಟುಗಳಿಗೆ ಆ ವಸ್ತು ಬಳಿದೇ ಬಳೀತಾರೆ, ಬೆವರು ಅಂಟಬಾರದು ಅಂತ. ಆ ವಾಚು ಒಂದ್ಸಲ ಬಿಚ್ಚಿ ಕೊಡ್ತೀರಾ?

ಬಿಚ್ಚಿದವಳು ಇವಳೇನಾ, ಕೊಟ್ಟವಳು ಇವಳೇನಾ, ಅವನು ಚಿಮಟದಲ್ಲಿ ಹಿಡಿದು ಚೀಲಕ್ಕೆ ಇಳಿಸುತ್ತಾನೆ, ಇವಳ ಮಣಿಕಟ್ಟು ಬೆಳ್ಳಗೆ ಬೋಳಾಗಿದೆ, ಹದಿನೈದು ಸಂಜೆ, ಒಂದೊಂದು ಸಂಜೆ ಎಷ್ಟು ಹೊತ್ತು, ಬೆರಳು ಛೀ ಅಂದೆ, ಬೆರಳು ಶುದ್ಧವಿತ್ತು, ನನ್ನ ಕೈಯಾರೆ, ಮಗಳಿಗೆ ಏನು ಹೇಳಲಿ, ಅವಳೇ ಆಸೆಯಿಂದ ತಂದದ್ದು, ಎಂಟು ತಿಂಗಳ ಮಗುವಿನ ರಕ್ತ ಈ ಯೋಜನೆಯಲ್ಲಿ ಯಾರೂ ತೆಗೆಯುವುದಿಲ್ಲ, ಮೂರು ವರ್ಷ ತುಂಬಿರಬೇಕು, ತೆಗೆಯಬೇಕೆಂದರೆ ಇವಳೇ ತೆಗೆಯಬೇಕು, ಅಷ್ಟು ಸಣ್ಣ ನರ ಬೇರೆ ಯಾರಿಗೆ ಸಿಗುತ್ತದೆ, ತೋಳು ಚಾಚಿ ನಗುತ್ತದೆ ಅದು, ಎತ್ತಿಕೋ ಎನ್ನುತ್ತದೆ — ಕೂತ್ಕೊಳ್ಳಿ ಅಕ್ಕ, ಯಾಕೆ, ನೀರು ತರ್ಲಾ, ಅವನು ಚೀಲವನ್ನು ಬೆಳಕಿಗೆ ಎತ್ತಿ ತಿರುಗಿಸಿ ನೋಡುತ್ತಿದ್ದಾನೆ, ಇದೇನಿದು, ಬೆಲ್ಟಿನ ಅಂಚಲ್ಲಿ ಯಾವುದೋ ಗುರುತು, ಅವಳು ನೋಡುವುದಿಲ್ಲ, ನೋಡಬೇಕಿಲ್ಲ, ಅವಳಿಗೆ ಗೊತ್ತು, ಒಂದರ ಪಕ್ಕ ಒಂದು, ಅಕ್ಕಿಕಾಳಿನಷ್ಟು, ಎರಡು, ಎರಡು ಹಲ್ಲು