ಮೂಸುವ ರೂಢಿ

ಬೆಳಗಾವಿಯ ಪಶುರೋಗ ಲ್ಯಾಬಿನಲ್ಲಿ ರೋಗಾಣು ಬೆಳೆಸಿದ ತಟ್ಟೆಯನ್ನು ಮೂಸಬಾರದೆಂದು ಹೊಸಬರಿಗೆಲ್ಲ ಹೇಳುತ್ತಿದ್ದವಳೇ ಪ್ರಮಿಳಾ. ಆದರೂ ದಿನ ತುಂಬುವ ಮೊದಲೇ ಕಂದು ಹಾಕಿದ ಎಮ್ಮೆಯ ಮಾದರಿಯಿಂದ ಬೆಳೆಸಿದ ತಟ್ಟೆಯ ಮುಚ್ಚಳ ತೆಗೆದಾಗ ಅವಳ ಕೈ ತಾನಾಗಿ ಅದನ್ನು ಮೂಗಿನ ಹತ್ತಿರ ಒಯ್ದಿತು. ಆಮೇಲೆ ಜ್ವರ ಬಂತು, ಹಸಿ ಹಾಲಿನಿಂದಲೂ ಹರಡುವ ಅದೇ ರೋಗಾಣು ಅವಳ ರಕ್ತದಲ್ಲೂ ಸಿಕ್ಕಿತು, ಐದು ತಿಂಗಳ ಬಸಿರು ಇಳಿದುಹೋಯಿತು.

ಖಾನಾಪುರದ ತವರಿನಲ್ಲಿ ಅವಳು ಯಾರಿಗೂ ಕಾರಣ ಹೇಳಲಿಲ್ಲ. ತಾಯಿ ಸಾತವ್ವ ಆಗಷ್ಟೇ ಕರೆದ ಹಾಲನ್ನು ಮೂಸಿ ನೋಡಿ ಒಲೆಗಿಟ್ಟಳು.

“ಸಣ್ಣಾಕಿ ಇದ್ದಾಗ ಹಾಲು ಮೂಸೇ ಯಾವ ಎಮ್ಮಿಗಿ ಆರಾಮಿಲ್ಲಂತ ಹೇಳತಿದ್ದಿ. ನಾನ ಕಲಿಸಿದ್ನಿ,” ಎಂದಳು ಸಾತವ್ವ. “ನಿನ್ನ ಕೂಸಿಗೂ ಕಲಿಸಾಕಿ ಇದ್ನಿ.”

ಪ್ರಮಿಳಾ ಒಲೆಗೆ ಇನ್ನೊಂದು ಕಟ್ಟಿಗೆ ನೂಕಿದಳು.

“ಹಾಲು ಛಲೋತ್ನಂಗ ಕುದೀಲಿ ಯವ್ವಾ,” ಎಂದಳು.